ಕೆರೆನ್ ಕಾಳಗ (1941) ಮತ್ತು ಎರಡನೇ ಮಹಾಯುದ್ಧ: ಯೋಧರ ಕುಟುಂಬಗಳ ಮಾಹಿತಿಗಾಗಿ

ಪೀಠಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಎರಡನೇ ಮಹಾಯುದ್ಧದ ಯೋಧರ ಪದಕ ಅಥವಾ ಬಿಡುಗಡೆ ಪ್ರಮಾಣಪತ್ರವನ್ನು ಕಾಪಾಡಿಕೊಂಡು ಬಂದಿರುವ ಕುಟುಂಬಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಮರಾಠಾ ಲೈಟ್ ಇನ್ಫಂಟ್ರಿಯ ರೆಜಿಮೆಂಟಲ್ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ. ಸದರಿ ರೆಜಿಮೆಂಟಿನ ಯುದ್ಧಗೌರವಗಳಲ್ಲಿ ಕೆರೆನ್ ಒಂದಾಗಿದೆ.

1. ಹಿನ್ನೆಲೆ

ಇಟಲಿಯು 1940ರ ಜೂನ್ 10ರಂದು ಯುದ್ಧಕ್ಕೆ ಇಳಿಯಿತು. ಆಗ ಪೂರ್ವ ಆಫ್ರಿಕಾದ ಎರಿಟ್ರಿಯಾ ಅದರ ವಸಾಹತಾಗಿತ್ತು. ಅಲ್ಲಿಯ ಮಸಾವಾ ಬಂದರಿನಲ್ಲಿದ್ದ ಇಟಲಿಯ ನೌಕೆಗಳಿಂದ ಕೆಂಪು ಸಮುದ್ರದ ಸಂಚಾರಕ್ಕೆ ಅಪಾಯವಿತ್ತು. ಮೆಡಿಟರೇನಿಯನ್ ಮಾರ್ಗವು ಸುರಕ್ಷಿತವಾಗಿರದ ಕಾರಣ ಈಜಿಪ್ಟಿನ ಸೇನೆಗೆ ಬೇಕಾದ ಸಾಮಗ್ರಿಯು ಬಹುಪಾಲು ಈ ಸಮುದ್ರದ ಮೂಲಕವೇ ತಲುಪಬೇಕಾಗಿತ್ತು.

2. ಕಾಳಗದ ವಿವರ

ಸುಡಾನ್ ಕಡೆಯಿಂದ ಅಸ್ಮಾರಾ ಮತ್ತು ಮಸಾವಾಗಳಿಗೆ ಹೋಗುವ ರಸ್ತೆ ಹಾಗೂ ರೈಲುಮಾರ್ಗಗಳು ಕೆರೆನ್ ಪಟ್ಟಣದ ಬಳಿ ಕಡಿದಾದ ಬೆಟ್ಟಗಳ ನಡುವಿನ ಕಣಿವೆಯೊಂದನ್ನು ಹಾದುಹೋಗುತ್ತಿದ್ದವು. ಇಟಲಿಯ ಸೇನೆಯು ಬಂಡೆಗಳನ್ನು ಸಿಡಿಸಿ ರಸ್ತೆಯನ್ನು ಮುಚ್ಚಿ, ಶಿಖರಗಳ ಮೇಲೆ ನೆಲೆ ನಿಂತಿತು. 1941ರ ಫೆಬ್ರವರಿಯ ದಾಳಿಗಳು ಸಫಲವಾಗಲಿಲ್ಲ. ಮಾರ್ಚ್ 15ರಂದು ಭಾರತದ 4ನೇ ಮತ್ತು 5ನೇ ಡಿವಿಜನ್‌ಗಳು ಪುನಃ ದಾಳಿ ಆರಂಭಿಸಿದವು. 5ನೇ ಡಿವಿಜನ್‌ಗೆ ಸೇರಿದ ಮರಾಠಾ ಲೈಟ್ ಇನ್ಫಂಟ್ರಿಯ 3ನೇ ಬೆಟಾಲಿಯನ್ ಡೊಲೊಗೊರೊಡಾಕ್ ಕೋಟೆಯ ದಾರಿಯಲ್ಲಿದ್ದ ಪಿನಾಕಲ್ ಎಂಬ ಶಿಖರವನ್ನು ವಶಪಡಿಸಿಕೊಂಡಿತು. ಮರುದಿನ ಕೋಟೆಯೂ ಕೈವಶವಾಯಿತು. ರಸ್ತೆಯ ತಡೆಯನ್ನು ತೆರವುಗೊಳಿಸಿದ ನಂತರ ಮಾರ್ಚ್ 27ರಂದು ಕೆರೆನ್ ವಶವಾಯಿತು. ಬ್ರಿಟಿಷ್ ಮತ್ತು ಭಾರತೀಯ ಪಡೆಗಳಲ್ಲಿ 536 ಮಂದಿ ಮೃತಪಟ್ಟು, 3,229 ಮಂದಿ ಗಾಯಗೊಂಡರು.

3. ಯುದ್ಧದ ಒಟ್ಟು ಗತಿಯಲ್ಲಿ ಇದರ ಸ್ಥಾನ

ಕೆರೆನ್ ನಂತರ ಏಪ್ರಿಲ್ 1ರಂದು ಅಸ್ಮಾರಾ, 8ರಂದು ಮಸಾವಾ ವಶವಾದವು. ಏಪ್ರಿಲ್ 11ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರು ಕೆಂಪು ಸಮುದ್ರವು ಇನ್ನು ಯುದ್ಧವಲಯವಲ್ಲವೆಂದು ಘೋಷಿಸಿದ್ದರಿಂದ ಅಮೆರಿಕದ ಸರಕು ಹಡಗುಗಳು ಸೂಯೆಜ್‌ವರೆಗೆ ಬರಲು ಅವಕಾಶವಾಯಿತು. 4ನೇ ಡಿವಿಜನ್ ಉತ್ತರದ ರಣರಂಗಗಳಿಗೆ ಲಭ್ಯವಾಯಿತು. ಬೆಟ್ಟವೊಂದರ ಮೇಲಿನ ಹೋರಾಟದ ಫಲವು ಹೀಗೆ ಸಮುದ್ರಮಾರ್ಗದವರೆಗೂ ತಲುಪಿತು.

ಆದರೆ ಈ ಜಯದಿಂದ ಯುದ್ಧವು ಮುಗಿಯಲಿಲ್ಲ. 1942ರ ಜೂನ್‌ನಲ್ಲಿ ಟೊಬ್ರುಕ್ ಪತನವಾದಾಗ ಇದೇ ರೆಜಿಮೆಂಟಿನ 2ನೇ ಬೆಟಾಲಿಯನ್ ಶತ್ರುವಿನ ಸೆರೆಯಾಯಿತು. ಆದ್ದರಿಂದ ಒಂದೇ ಊರಿನ ಇಬ್ಬರು ಯೋಧರ ದಾಖಲೆಗಳಲ್ಲಿ ಒಬ್ಬರಿಗೆ ಜಯ, ಇನ್ನೊಬ್ಬರಿಗೆ ಸೆರೆವಾಸ ಕಂಡುಬಂದರೆ ಅದು ವಿರೋಧಾಭಾಸವಲ್ಲ.

4. ದಾಖಲೆಗಳನ್ನು ಓದುವ ಕ್ರಮ

ಅ) ‘3/5’ ಎಂದರೆ 5ನೇ ಮರಾಠಾ ಲೈಟ್ ಇನ್ಫಂಟ್ರಿಯ 3ನೇ ಬೆಟಾಲಿಯನ್. ಸದರಿ ಬೆಟಾಲಿಯನ್ 1952ರಲ್ಲಿ ಪ್ಯಾರಾಶೂಟ್ ರೆಜಿಮೆಂಟಿಗೆ ಸೇರಿತು.

ಆ) ಆಫ್ರಿಕಾ ಸ್ಟಾರ್ ಪದಕದ ಮೇಲೆ ಕೆರೆನ್ ಹೆಸರು ಇರುವುದಿಲ್ಲ. ಎರಿಟ್ರಿಯಾದಲ್ಲಿ ಕಾದಿದವರಿಗೂ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಕಾದಿದವರಿಗೂ ಇದೇ ಪದಕ ದೊರೆತಿದೆ. ಆದ್ದರಿಂದ ಪದಕ ಮಾತ್ರದಿಂದ ಕೆರೆನ್‌ನ ಸೇವೆ ಸಿದ್ಧವಾಗುವುದಿಲ್ಲ. ಬೆಟಾಲಿಯನ್ ಮತ್ತು ಸೇವಾವಧಿಯನ್ನು ಹೋಲಿಸಿ ನೋಡತಕ್ಕದ್ದು.

ಇ) ಅಂದು ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ನಿಪ್ಪಾಣಿ ಮತ್ತು ಕಾಗವಾಡ ಆಗ ಪ್ರತ್ಯೇಕ ತಾಲ್ಲೂಕುಗಳಾಗಿರಲಿಲ್ಲ. ಹಳೆಯ ದಾಖಲೆಯ ವಿಳಾಸವು ಇಂದಿನ ವಿಳಾಸಕ್ಕೆ ಹೊಂದದಿದ್ದಲ್ಲಿ ಅರ್ಜಿಯಲ್ಲಿ ಎರಡನ್ನೂ ನಮೂದಿಸುವುದು ಸೂಕ್ತ.

ಈ) ಮೃತ ಯೋಧರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಅಂತರ್ಜಾಲ ತಾಣದಲ್ಲಿ ಶುಲ್ಕವಿಲ್ಲದೆ ಹುಡುಕಬಹುದು. ಕೆರೆನ್‌ನಲ್ಲಿ ದಹನಸಂಸ್ಕಾರವಾದ ಭಾರತೀಯ ಯೋಧರ ಸ್ಮಾರಕವಿದೆ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು ಮತ್ತು ಗ್ರಾಮವೂ ದೊರೆಯುತ್ತವೆ.

ಸೂಚನೆ: ಮೂಲ ದಾಖಲೆಗಳು ಹಾಳಾದರೆ ಮತ್ತೆ ದೊರೆಯುವುದು ಕಷ್ಟ. ಆದುದರಿಂದ ಅರ್ಜಿಯೊಂದಿಗೆ ನಕಲು ಪ್ರತಿಗಳನ್ನು ಲಗತ್ತಿಸಿ, ಮೂಲ ಪ್ರತಿಗಳನ್ನು ಪರಿಶೀಲನೆಗೆ ಹಾಜರುಪಡಿಸಿ ಹಿಂಪಡೆಯಲು ಕೋರಲಾಗಿದೆ.