ಮದೀನದ ಕೇರಿಗಳು ಮತ್ತು ನಮ್ಮ ನಗರಗಳು

ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಹಿಜ್‌ರತ್ ಮಾಡಿ ತಲುಪಿದ ಮದೀನವು ಒಂದೇ ಇಡಿಯಾದ ಪಟ್ಟಣವಾಗಿರಲಿಲ್ಲ. ಖರ್ಜೂರದ ತೋಟಗಳ ನಡುವೆ ಚದುರಿದ ಕೇರಿಗಳ ಸಮೂಹವಾಗಿತ್ತು. ಔಸ್ ಮತ್ತು ಖಝ್‌ರಜ್ ಗೋತ್ರಗಳ ಶಾಖೆಗಳೂ ಯಹೂದಿ ಗೋತ್ರಗಳೂ ತಂತಮ್ಮ ಕೇರಿಗಳಲ್ಲಿ ಪ್ರತ್ಯೇಕವಾಗಿ ವಾಸಿಸುತ್ತಿದ್ದವು. ಕೆಲವೇ ವರ್ಷಗಳ ಹಿಂದೆ ನಡೆದಿದ್ದ ಬುಆಸ್ ಕಾಳಗದ ಗಾಯ ಇನ್ನೂ ಮಾಸಿರಲಿಲ್ಲ.

ಪ್ರವಾದಿವರ್ಯರು(ಸ) ಔಸ್ ಮತ್ತು ಖಝ್‌ರಜ್ ಗೋತ್ರಗಳ ಕೇರಿಗಳನ್ನು ಒಡೆಯಲಿಲ್ಲ. ಬನೂ ಸಲಿಮದವರು ಮಸೀದಿಯ ಸಮೀಪಕ್ಕೆ ಮನೆ ಬದಲಿಸಲು ಬಯಸಿದಾಗ, ಇದ್ದಲ್ಲಿಯೇ ಇರುವಂತೆ ತಿಳಿಸಿ, ನಡೆದು ಬರುವ ಪ್ರತಿ ಹೆಜ್ಜೆಗೂ ಪುಣ್ಯವಿದೆಯೆಂದು ಹುರಿದುಂಬಿಸಿದರು. ನಗರದ ಅಂಚುಗಳು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲವೆಂದು ಹದೀಸ್ ತಿಳಿಸುತ್ತದೆ. ಅವರು ಬದಲಾಯಿಸಿದ್ದು ಜನರ ಒಡನಾಟವನ್ನು. ಮುಹಾಜಿರರಿಗೂ ಅನ್ಸಾರರಿಗೂ ಸಹೋದರ ಸಂಬಂಧ ಬೆಸೆದರು. ದೂರದ ಅವಾಲಿಯಲ್ಲಿದ್ದ ಹ. ಉಮರ್(ರ) ಹಾಗೂ ಅವರ ಅನ್ಸಾರಿ ನೆರೆಯವರು ಸರದಿಯಂತೆ ಮಸೀದಿಗೆ ಬಂದು, ಅಂದು ಕೇಳಿದ್ದನ್ನು ಪರಸ್ಪರ ತಿಳಿಸುತ್ತಿದ್ದರು. ಕಾಯಿಲೆ ಬಿದ್ದ ಯಹೂದಿ ಬಾಲಕನನ್ನು ಪ್ರವಾದಿವರ್ಯರೇ(ಸ) ಹೋಗಿ ವಿಚಾರಿಸಿದರು. ಅವರು ನಿಧನರಾದಾಗ ಅವರ ಕವಚವು ಜವೆಗೋಧಿಗಾಗಿ ಓರ್ವ ಯಹೂದಿಯ ಬಳಿ ಒತ್ತೆಯಾಗಿತ್ತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. 1973ರ ಸಾಬರಮತಿ ಪ್ರವಾಹದಲ್ಲಿ ನೆಲೆ ಕಳೆದುಕೊಂಡ ಹಿಂದೂ ಮತ್ತು ಮುಸ್ಲಿಮ್ ಬಡವರಿಗಾಗಿ ಅಹ್ಮದಾಬಾದಿನ ಹೊರವಲಯದಲ್ಲಿ ಸಂಕಲಿತನಗರವನ್ನು ಕಟ್ಟಲಾಯಿತು. ಕೂಡಿ ಬಾಳಲೆಂದೇ ಇಟ್ಟ ಹೆಸರದು. ಆದರೆ ನಗರದಲ್ಲಿ ಮೇಲಿಂದ ಮೇಲೆ ಗಲಭೆಗಳು ನಡೆದಾಗ ಹಿಂದೂ ಕುಟುಂಬಗಳು ಅಲ್ಲಿಂದ ಹೊರಟವು. ಬೇರೆಡೆ ಅಭದ್ರರಾದ ಮುಸ್ಲಿಮರು ಅಲ್ಲಿಗೆ ಬಂದು ಸೇರಿದರು. ಇಂದು ಜುಹಾಪುರವು ದೇಶದ ಅತಿ ದೊಡ್ಡ ಮುಸ್ಲಿಮ್ ವಸತಿ ಪ್ರದೇಶಗಳಲ್ಲೊಂದು.

ಮದೀನದಲ್ಲಿ ಮನೆಗಳು ದೂರವಿದ್ದರೂ ಹೋಗಿಬರುವ ಹಾದಿ ಸವೆಯುತ್ತಿತ್ತು. ಸಂಕಲಿತನಗರದಲ್ಲಿ ಗೋಡೆಗೆ ಗೋಡೆ ತಾಗಿದ್ದರೂ ಭಯದೆದುರು ನೆರೆತನ ಉಳಿಯಲಿಲ್ಲ. ಹೆಸರು ಕೇಳಿ ಬಾಡಿಗೆ ಮನೆ ನಿರಾಕರಿಸುವುದು ಅನ್ಯಾಯವೇ ಸರಿ, ಅದನ್ನು ನಾವು ಪ್ರಶ್ನಿಸಲೇಬೇಕು. ಆದರೆ ಭಯವಿಲ್ಲದ ಊರಿನಲ್ಲಿಯೂ ‘ನಮ್ಮವರ ಬಡಾವಣೆ’ಯನ್ನೇ ಹುಡುಕುವಾಗ, ನಮ್ಮ ಮಕ್ಕಳು ಯಾರ ಜೊತೆ ಆಡಿ ಬೆಳೆಯುವರೆಂದು ನಾವು ಯೋಚಿಸುವುದಿಲ್ಲ. ಪಕ್ಕದ ಬೀದಿಯ ಅನ್ಯಧರ್ಮೀಯ ರೋಗಿಯನ್ನು ಕಂಡು ಬರಲು ಯಾವ ಕಾನೂನೂ ಅಡ್ಡಿಯಿಲ್ಲ. ಆ ಸುನ್ನತ್ ನಮ್ಮ ಮೇಲಿದೆ.