ಇರುಳಿನ ಚಿತ್ರಗಳಲ್ಲಿ ದೇವರ ಬೆಳಕು

1372ರಲ್ಲಿ ಬೆತ್ಲೆಹೆಮ್ಮಿಗೆ ಯಾತ್ರೆ ಹೋದ ಸ್ವೀಡನ್ನಿನ ಸಂತ ಬ್ರಿಜೆಟ್ ಅಲ್ಲಿ ಯೇಸುವಿನ ಜನನವನ್ನು ದರ್ಶನದಲ್ಲಿ ಕಂಡಳು. ಜೋಸೆಫ್ ತಂದಿಟ್ಟ ಮೇಣದಬತ್ತಿ, ಕೂಸಿನಿಂದ ಹೊಮ್ಮಿದ ಪ್ರಭೆಯೆದುರು ಇದ್ದೂ ಇಲ್ಲದಂತಾಯಿತು ಎಂದಳು ಆಕೆ. ಚಿತ್ರಕಾರರಿಗೆ ಅದೊಂದು ದೊಡ್ಡ ಸವಾಲಾಯಿತು. ದೇವರ ಬೆಳಕು, ಮನುಷ್ಯ ಹಚ್ಚಿದ ಬೆಳಕು ಎರಡನ್ನೂ ಒಂದೇ ಕತ್ತಲೆಯಲ್ಲಿಟ್ಟು ಬೇರೆಬೇರೆಯಾಗಿ ಕಾಣಿಸುವುದು ಹೇಗೆ?

ಸುಮಾರು 1490ರಲ್ಲಿ ಡಚ್ ಕಲಾವಿದ ಗೀರ್ಟ್‌ಗೆನ್ ಪುಟ್ಟದೊಂದು ಮರದ ಹಲಗೆಯ ಮೇಲೆ ಇದಕ್ಕೆ ಉತ್ತರ ಹುಡುಕಿದ. ಗೋದಲಿಯಲ್ಲಿ ಮಲಗಿದ ಮಗುವೇ ಅಲ್ಲಿ ದೀಪ. ಮೇರಿಯ ಮುಖ, ಪುಟಾಣಿ ದೇವದೂತರ ಮುಖ ಆ ಬೆಳಕಿನಲ್ಲೇ ಕಾಣಬೇಕು. 1514ರಲ್ಲಿ ರಾಫೆಲ್ ವ್ಯಾಟಿಕನ್ನಿನ ಗೋಡೆಯ ಮೇಲೆ ಸಂತ ಪೀಟರನ ಬಿಡುಗಡೆಯನ್ನು ಬರೆದಾಗ ಚಂದ್ರ, ಕಾವಲುಗಾರನ ಪಂಜು, ಮೂಡುತ್ತಿರುವ ನಸುಕು, ಸೆರೆಮನೆಯ ಕಂಬಿಗಳ ಹಿಂದೆ ದೇವದೂತನ ತೇಜಸ್ಸು, ಹೀಗೆ ನಾಲ್ಕು ಬೆಳಕುಗಳನ್ನು ಒಟ್ಟಿಗೆ ತಂದ. ಆ ಗೋಡೆಯಲ್ಲಿ ನಿಜವಾದ ಕಿಟಕಿಯೊಂದಿದೆ. ಅಲ್ಲಿಂದ ಕಣ್ಣಿಗೆ ರಾಚುವ ಹಗಲಿನೆದುರೂ ರಾಫೆಲನ ರಾತ್ರಿ ಸೋಲುವುದಿಲ್ಲ.

ಆದರೆ ಮುಂದಿನವರಿಗೆ ಮೇಲ್ಪಂಕ್ತಿ ಹಾಕಿಕೊಟ್ಟವನು ಕೊರೆಜ್ಜೊ. ಇಟಲಿಯ ರೆಜ್ಜೊ ಎಮಿಲಿಯಾದ ಚರ್ಚಿಗಾಗಿ 1522ರಲ್ಲಿ ಒಪ್ಪಿಕೊಂಡು, ಸುಮಾರು 1530ರ ಹೊತ್ತಿಗೆ ಮುಗಿಸಿದ ಅವನ ಚಿತ್ರಕ್ಕೆ ‘ರಾತ್ರಿ’ ಎಂಬ ಹೆಸರೇ ನಿಂತುಬಿಟ್ಟಿದೆ. ಕೂಸನ್ನು ನೋಡಲು ಬಂದ ಹೆಂಗಸೊಬ್ಬಳು ಬೆಳಕಿನ ಝಳ ತಾಳಲಾರದೆ ಮುಖ ಕಿವುಚಿ ಕೈ ಅಡ್ಡ ಹಿಡಿದಿದ್ದಾಳೆ. ತಾಯಿಗೆ ಮಾತ್ರ ಅದು ಕಣ್ಣು ಕುಕ್ಕುವುದಿಲ್ಲ. ಮಗುವನ್ನು ತೋಳಲ್ಲಿ ಬಳಸಿ ಮುಗುಳ್ನಗುತ್ತಿದ್ದಾಳೆ. ಎತ್ತಿದ ಆ ಒಂದು ಕೈಯಿಂದಲೇ ಪವಾಡವನ್ನು ನಂಬಿಸಿದ್ದು ಕೊರೆಜ್ಜೊನ ಹೆಚ್ಚುಗಾರಿಕೆ. ಚಿತ್ರ ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ.

ವೆನಿಸ್ಸಿನಲ್ಲಿ ಕೆಲಸದ ಕ್ರಮವೇ ಬದಲಾಯಿತು. ಕ್ಯಾನ್‌ವಾಸಿಗೆ ಮೊದಲೇ ಗಾಢ ಬಣ್ಣ ಬಳಿದು, ಬೆಳಕನ್ನು ಅದರ ಮೇಲೆ ಎತ್ತಿ ಬರೆಯುವ ರೂಢಿ ಬೆಳೆಯಿತು. ಟಿಶಿಯನ್ 1559ರ ಹೊತ್ತಿಗೆ ಮುಗಿಸಿದ ಸಂತ ಲಾರೆನ್ಸನ ಬಲಿದಾನದಲ್ಲಿ ಕೆಂಡ, ಪಂಜು, ಮೋಡ ಸೀಳಿದ ಬೆಳಕು ಮೂರೂ ಪೈಪೋಟಿಗಿಳಿದಿವೆ. ಚಿತ್ರಗಳು ಭಕ್ತಿಯನ್ನು ಉದ್ದೀಪಿಸಬೇಕೆಂದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿದ ಮೇಲೆ ಇಂಥ ರಾತ್ರಿಗಳಿಗೆ ಇನ್ನಷ್ಟು ಅರ್ಥ ಬಂತು.

ಈ ಸಾಲಿನ ಶಿಖರ ಟಿಂಟೊರೆಟ್ಟೊ. ಸಾಯುವ ವರ್ಷ, 1594ರಲ್ಲಿ, ವೆನಿಸ್ಸಿನ ಸಾನ್ ಜಾರ್ಜೊ ಮಜ್ಜೋರೆ ಚರ್ಚಿಗೆ ಅವನು ಮುಗಿಸಿಕೊಟ್ಟ ‘ಕಡೆಯ ಭೋಜನ’ದಲ್ಲಿ ಊಟದ ಮೇಜು ಓರೆಯಾಗಿ ಕತ್ತಲೆಯೊಳಕ್ಕೆ ಸಾಗುತ್ತದೆ. ಮುಂದುಗಡೆ ಆಳುಗಳು ಪಾತ್ರೆ ಎತ್ತುತ್ತಿದ್ದಾರೆ, ಬೆಕ್ಕು ಬುಟ್ಟಿಗೆ ಇಣುಕುತ್ತಿದೆ. ಮೇಲೆ ತೂಗುವ ದೀಪದ ಹೊಗೆ ಸುರುಳಿ ಬಿಚ್ಚುತ್ತ ದೇವದೂತರಾಗುತ್ತದೆ. ಯೇಸುವಿನ ತಲೆಯ ಸುತ್ತ ಬೇರೆಯೇ ಪ್ರಭೆ. ದೀಪವನ್ನು ಸೋಲಿಸದೆಯೇ ದೇವರ ಬೆಳಕನ್ನು ಗೆಲ್ಲಿಸಿದ ಚಿತ್ರ ಇದು. ಇದರ ಸಮಕ್ಕೆ ಬೇರೊಂದಿಲ್ಲ.

ಮುಂದೆ ದೀಪದ್ದೇ ಕಾಲ. 1602ರಲ್ಲಿ ಕಾರವಾಜ್ಜೊ ಬರೆದ ಯೇಸುವಿನ ಸೆರೆಯ ಚಿತ್ರದಲ್ಲಿ ಒಬ್ಬಾತ ಲಾಂದ್ರ ಎತ್ತಿ ಹಿಡಿದಿದ್ದಾನೆ. ಅವನ ಹಾದಿ ಹಿಡಿದ ಡಚ್ಚಿಗ ಹೊಂಟ್‌ಹಾರ್ಸ್ಟನನ್ನು ಇಟಲಿಯವರು ‘ಇರುಳುಗಳ ಗೆರಾರ್ಡೊ’ ಎಂದೇ ಕರೆದರು. ಸುಮಾರು 1617ರ ಅವನ ಚಿತ್ರದಲ್ಲಿ ಮಹಾಯಾಜಕನ ವಿಚಾರಣೆಗೆ ನಿಂತ ಯೇಸುವಿಗೆ ಪ್ರಭಾವಳಿಯಿಲ್ಲ. ಮೇಜಿನ ಮೇಲೊಂದು ಮೇಣದಬತ್ತಿ ಅಷ್ಟೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಪ್ರವೇಶ ಉಚಿತ. ಆ ಊರಿಗೆ ಹೋದವರು ಅಲ್ಲಿರುವ ಈ ಚಿತ್ರದೆದುರು ಒಂದಿಷ್ಟು ಹೊತ್ತು ನಿಲ್ಲಬೇಕು.