ಗುಡ್ಡ ಜರಿಯುವ ಮುಂಚಿನ ದಿನ

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ದಿನಗಳ ಬಳಿಕ ಜೀವಂತವಾಗಿ ಸಿಕ್ಕಿದರು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಹಿಮಕುಸಿತ ಎಂದರೇನೆಂದು ನಮ್ಮ ಊರಿನವರು ಟಿ.ವಿ. ಮುಂದೆ ಕೂತು ತಿಳಿದದ್ದು ಆ ವಾರ.

ಪುತ್ತೂರು, ಸುಳ್ಯ, ಕಡಬದಲ್ಲಿ ಹಿಮ ಬೀಳುವುದಿಲ್ಲ, ಗುಡ್ಡ ಜರಿಯುತ್ತದೆ. ಎರಡರ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಇಳಿಜಾರಿನ ಮೇಲೆ ಭಾರ ಹೆಚ್ಚಿ, ಒಳಗಿನ ಹಿಡಿತ ಸಡಿಲವಾದರೆ ಮೇಲಿನ ಪದರ ಜಾರುತ್ತದೆ. ಅಲ್ಲಿ ಹೊಸ ಹಿಮ, ಇಲ್ಲಿ ನೀರು ಕುಡಿದ ಮಣ್ಣು.

ಹಿರಿಯರಿಗೆ ಇದರ ಅಂದಾಜಿತ್ತು. 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸುಬ್ರಹ್ಮಣ್ಯದಿಂದ ಪಾದಪೂಜೆಗೆ ಹತ್ತುವುದು ಚಂಪಾಷಷ್ಠಿಯ ಸಮಯದಲ್ಲಿ, ಅಂದರೆ ಮಳೆ ನಿಂತು ನೆಲ ಗಟ್ಟಿಯಾದ ಮೇಲೆ. ಆಟಿಯಲ್ಲಿ ಗುಡ್ಡದ ತಂಟೆಗೆ ಯಾರೂ ಹೋಗುತ್ತಿರಲಿಲ್ಲ.

2018ರ ಆಗಸ್ಟ್‌ನಲ್ಲಿ, ಆಟಿ ಮುಗಿದು ಸೋಣ ಕಾಲಿಡುವ ಹೊತ್ತಿಗೆ, ಸಂಪಾಜೆ ಘಾಟಿಯ ಜೋಡುಪಾಲದಲ್ಲಿ ಗುಡ್ಡ ಜರಿಯಿತು. ಜೀವಗಳು ಹೋದವು, ಮಡಿಕೇರಿ ರಸ್ತೆ ಮುಚ್ಚಿತು, ಉಳಿದವರು ಸುಳ್ಯದ ಕಡೆಯ ಪರಿಹಾರ ಶಿಬಿರಗಳಿಗೆ ಇಳಿದು ಬಂದರು. ಆ ವರ್ಷದ ಕುಸಿತಗಳನ್ನು ನೋಡಿದ ಭೂವಿಜ್ಞಾನಿಗಳು ವಿಪರೀತ ಮಳೆಯ ಜೊತೆಗೆ, ಇಳಿಜಾರು ಕಡಿದು ಮನೆ, ರಸ್ತೆ ಮಾಡಿದ್ದನ್ನೂ ಕಾರಣವೆಂದರು. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು.

ಚಾರಣಿಗರಿಗೆ ಈಗ ನಿಯಮ ಬಂದಿದೆ. 2024ರ ಜನವರಿಯಲ್ಲಿ ಕುಮಾರಪರ್ವತದ ಜನಜಂಗುಳಿ ಸುದ್ದಿಯಾದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಮಂದಿಯ ಮಿತಿ ಹಾಕಿತು. ಮಳೆಗಾಲದಲ್ಲಿ ದಾರಿ ಬಂದ್. ಇದು ಒಳ್ಳೆಯದೇ. ಆದರೆ ಜೋಡುಪಾಲದಲ್ಲೂ ಪರ್ವತಮುಖಿಯಲ್ಲೂ ಸತ್ತವರು ಚಾರಣಕ್ಕೆ ಹೋದವರಲ್ಲ, ಮನೆಯಲ್ಲಿದ್ದವರು. ಜೆಸಿಬಿಯಲ್ಲಿ ಗುಡ್ಡ ಕಡಿದು ಸೈಟು ಮಾಡಿದ ಮನೆಯ ಹಿತ್ತಿಲಿಗೆ ಯಾವ ಗೇಟು ಹಾಕುವುದು?

ಗುಡ್ಡ ಎಷ್ಟೋ ಸಲ ಮೊದಲೇ ಸೂಚನೆ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಅಡಿಕೆಮರ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ಬತ್ತಿದ ತೋಡು, ಕಡಿದ ಗುಡ್ಡದಲ್ಲಿ ಹೊಸ ಒರತೆ ಕಂಡರೆ ರಾತ್ರಿಯಾಗುವವರೆಗೆ ಕಾಯದೆ ಮನೆ ಬಿಡಬೇಕು, 1077ಕ್ಕೆ ಫೋನ್ ಮಾಡಬೇಕು. ಜರಿದ ಜಾಗ ದಾಟಲೇಬೇಕಾದರೆ ಹಿಮದ ನಾಡಿನವರ ಕ್ರಮ ಇಲ್ಲಿಗೂ ಸಲ್ಲುತ್ತದೆ: ಒಬ್ಬೊಬ್ಬರಾಗಿ ದಾಟುವುದು, ಉಳಿದವರು ದೂರ ನಿಂತು ಮೇಲೆ ಕಣ್ಣಿಡುವುದು.

ನಾವು ಸುದ್ದಿ ಬರೆಯುವುದು ಗುಡ್ಡ ಜರಿದ ಮರುದಿನ. ಮುಂಚಿನ ದಿನದ ಬಿರುಕನ್ನು ನೋಡಿದ ಮನೆಯವರು ಹೇಳಿದರೆ, ಅದನ್ನೂ ಬರೆಯುತ್ತೇವೆ.